ಧೂಪದ ಬೀಜದಲ್ಲಿ ಕಾಡಿನ ಪಾಲು

ಮಲೆನಾಡಿನಲ್ಲಿ ಧೂಪವೆಂಬ ಹೆಸರು ಒಂದೇ ಮರಕ್ಕೆ ಸೇರಿದ್ದಲ್ಲ. ಸಾಲುಧೂಪ, ರಾಳಧೂಪ, ಹಾಲುಮಡ್ಡಿ ಈ ಮೂರೂ ಅಂಟು ಸುರಿಸುವ ಮರಗಳು; ಮೂರರ ಅಂಟೂ ಕೆಂಡಕ್ಕೆ ಬಿದ್ದರೆ ಪರಿಮಳ ಬೀರುತ್ತದೆ. ಪೇಟೆಯ ವ್ಯಾಪಾರಿಗೆ ಮೂರೂ ಧೂಪವೇ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಮಾತ್ರ ಇವು ಮೂರು ಬೇರೆ ಬೇರೆ ಕುಟುಂಬಗಳ ಮರಗಳು. ಇವುಗಳಿಂದ ದೊರೆಯುವ ಉಪಯೋಗವೂ ಬೇರೆ, ಇವುಗಳಿಗೆ ಒದಗಿರುವ ಅಪಾಯವೂ ಬೇರೆ.

ಗುರುತಿಸುವುದು ಕಷ್ಟವಲ್ಲ. ಸಾಲುಧೂಪದ್ದು (ವಟೇರಿಯಾ ಇಂಡಿಕಾ) ದಪ್ಪನೆಯ, ಉದ್ದನೆಯ ಒಂಟಿ ಎಲೆ. ತೊಟ್ಟಿನ ತುದಿ ತುಸು ಉಬ್ಬಿರುತ್ತದೆ. ಹೂ ಬಿಳಿ, ಸುವಾಸನೆಯದು. ಕಾಯಿ ಬಲಿತಾಗ ಮೂರು ಹೋಳಾಗಿ ಬಿರಿಯುತ್ತದೆ. ರಾಳಧೂಪದ್ದು (ಕನೇರಿಯಂ ಸ್ಟ್ರಿಕ್ಟಂ) ಗರಿಯಂತೆ ಜೋಡಿಸಿದ ಸಂಯುಕ್ತ ಎಲೆ. ಎಲೆಯಂಚಿನಲ್ಲಿ ಸಣ್ಣ ಹಲ್ಲುಗಳು. ಕೆಂಪು ಚಿಗುರು ಹೊತ್ತ ಮರ ದೂರದ ಗುಡ್ಡದಿಂದಲೇ ಕಾಣುತ್ತದೆ. ಅಂಟು ಒಣಗಿದರೆ ಕಪ್ಪು. ಹಾಲುಮಡ್ಡಿಯದೂ (ಐಲಾಂಥಸ್ ಟ್ರೈಫೈಸಾ) ಸಂಯುಕ್ತ ಎಲೆಯೇ ಆದರೂ ಅಂಚಿನಲ್ಲಿ ಹಲ್ಲಿಲ್ಲ, ಕಿರುಎಲೆಯ ಬುಡ ಓರೆ. ಇದರ ಮೆದು ಮರ ಬೆಂಕಿಕಡ್ಡಿಗೆ, ಅಂಟು ಊದುಬತ್ತಿಗೆ ಹೋಗುತ್ತದೆ.

ಈ ಮೂರರಲ್ಲಿ ಹಾಲುಮಡ್ಡಿಯ ರೆಕ್ಕೆಕಾಯಿಯನ್ನು ಗಾಳಿ ಒಯ್ಯುತ್ತದೆ. ರಾಳಧೂಪದ ಹಣ್ಣನ್ನು ನುಂಗಿದ ಮಂಗಟ್ಟೆ ಹಕ್ಕಿ ಬೀಜವನ್ನು ಬೇರೊಂದು ಕಣಿವೆಗೆ ದಾಟಿಸುತ್ತದೆ. ಸಾಲುಧೂಪಕ್ಕೆ ಈ ಭಾಗ್ಯವಿಲ್ಲ. ಅದರದೇ ಕುಟುಂಬದ ಕಿರಾಲುಬೋಗಿಯ ಕಾಯಿಗೆ ಎರಡು ರೆಕ್ಕೆಗಳುಂಟು; ಸಾಲುಧೂಪದ ತೂಕದ ಬೀಜ ಮುಂಗಾರಿನಲ್ಲಿ ಉದುರಿ ತಾಯಿಮರದ ಅಡಿಯಲ್ಲೇ ಬೀಳುತ್ತದೆ. ಅದರ ಆಯುಸ್ಸೂ ಕೆಲವೇ ವಾರ. ಒಣಗಿಸಿ ಡಬ್ಬದಲ್ಲಿಟ್ಟರೆ ಬೀಜ ಸತ್ತಂತೆಯೇ. ಒದ್ದೆ ತರಗೆಲೆಯ ಮೇಲೆ, ನೆರಳಿನಲ್ಲಿ, ಅಲ್ಲೇ ಮೊಳೆತದ್ದು ಮಾತ್ರ ನಾಳೆಯ ಮರ.

ಆ ಬೀಜಕ್ಕೆ ಬೆಲೆಯಿರುವುದೂ ನಿಜ. ತಿರುಳನ್ನು ಒಣಗಿಸಿ ಪುಡಿಮಾಡಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಹಿಂದೆ ಅದು ದೀಪಕ್ಕೆ ಒದಗುತ್ತಿತ್ತು. ಇಂದು ಸಾಬೂನಿಗೂ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲಿಗೂ ಬಳಕೆಯಾಗುತ್ತದೆ. ಮರಕ್ಕೂ ಬೇಡಿಕೆಯಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಪ್ಲೈವುಡ್ಡಿಗಾಗಿ, ಚಹಾ ಪೆಟ್ಟಿಗೆಗಳಿಗಾಗಿ ಘಟ್ಟದ ಸಾಲುಧೂಪಗಳು ಅಪಾರವಾಗಿ ಉರುಳಿದವು. ಪಶ್ಚಿಮಘಟ್ಟದ ಹೊರಗೆ ಎಲ್ಲಿಯೂ ಸಹಜವಾಗಿ ಬೆಳೆಯದ ಮರವಿದು. ಇಲ್ಲಿ ಕಳೆದುಕೊಂಡದ್ದನ್ನು ಬೇರೆಡೆಯಿಂದ ತರಲಾಗದು.

ಕೊಡಲಿಯ ಪೆಟ್ಟು ಕಣ್ಣಿಗೆ ಕಾಣುತ್ತದೆ. ಬರಿದಾದ ಬುಡ ಕಾಣುವುದಿಲ್ಲ. ತೂಕಕ್ಕೆ ಹಣ ಕೊಡುವ ಗುತ್ತಿಗೆ ವ್ಯವಸ್ಥೆಯಲ್ಲಿ ಒಂದು ಬೀಜವನ್ನೂ ಬಿಡದೆ ಆಯುವುದೇ ಜಾಣತನವಾಗುತ್ತದೆ. ತಾನು ಬಿಟ್ಟದ್ದನ್ನು ಇನ್ನೊಬ್ಬ ಆಯ್ದುಕೊಂಡಾನೆಂಬ ಭಯವಿರುವವನಿಗೆ ಬಿಡುವ ಮನಸ್ಸು ಬರುವುದಾದರೂ ಹೇಗೆ? ಮಳೆಗಾಲದ ಖರ್ಚಿಗೆ ಈ ಹಣವನ್ನೇ ನಂಬಿದ ಮನೆಗಳಿಗೆ ಆಯಬೇಡಿರೆಂದು ಉಪದೇಶಿಸುವುದು ನ್ಯಾಯವಲ್ಲ. ಆಯುವುದಕ್ಕೆ ಊರೇ ಒಂದು ಕಟ್ಟುಪಾಡು ಮಾಡಿಕೊಳ್ಳಬೇಕು.

ಇದಕ್ಕೆ ಕಾನೂನಿನ ಬೆಂಬಲವಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಬುಡಕಟ್ಟು ಜನರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಮಾನ್ಯ ಮಾಡಿದೆ. ಜೀವವೈವಿಧ್ಯವನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾದ ಸಮಿತಿಗಳೂ ಇವೆ. ಆ ದಾಖಲಾತಿಯಲ್ಲಿ ಬರಿದೆ 'ಧೂಪ' ಎಂದು ಬರೆದರೆ ಸಾಲದು. ಯಾವ ಧೂಪ, ಎಷ್ಟು ಮರ, ಬುಡದಲ್ಲಿ ಸಸಿಗಳೆಷ್ಟು ಎಂಬ ವಿವರ ಬೇಕು. ವಿದ್ಯಾರ್ಥಿಗಳು ರಜೆಯ ಎರಡು ದಿನಗಳನ್ನು ಕೊಟ್ಟರೆ ಈ ಕೆಲಸ ಮುಗಿದೀತು.

ಮುಂಗಾರಿಗೆ ಮುನ್ನ ಗ್ರಾಮಸಭೆ ಸೇರಿ, ನಾಲ್ಕು ಸಾಲುಧೂಪಗಳಲ್ಲಿ ಒಂದರ ಬುಡಕ್ಕೆ ಯಾರೂ ಕೈಹಾಕದಂತೆ ಗುರುತು ಮಾಡಲಿ. ಉಳಿದ ಮೂರರಡಿ ಆಯ್ದ ಬೀಜದಲ್ಲಿ ಒಂದೊಂದು ಹಿಡಿಯನ್ನು ಅದೇ ವಾರ ಸೊಪ್ಪಿನಬೆಟ್ಟದ ತೇವದ ನೆರಳಿನಲ್ಲಿ ಊರಲಿ. ಗಾಳಿ, ಹಕ್ಕಿಗಳು ಮಾಡದ ಆ ಕೆಲಸ ಸಾಲುಧೂಪದ ಪಾಲಿಗೆ ಮನುಷ್ಯನದು.