ಕೆಮ್ಮಿಗೂ ಮೊದಲೇ ನೆತ್ತರು ಕೆಡುತ್ತದೆ

"ನಮ್ಮಜ್ಜ ಎಂಬತ್ತರ ತನಕಾ ಬೀಡಿ ಸೇದಿದ, ಏನಾತು ಅವಗ?" ಕುಂದಗೋಳದ ಚಹಾದಂಗಡಿಯಿಂದ ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನವರೆಗೆ ಈ ಮಾತು ಕೇಳದ ದಿನವಿಲ್ಲ. ಅಣ್ಣಾರ, ಏನಾಗಿತ್ತೆಂದು ಅಜ್ಜನಿಗೂ ಗೊತ್ತಿರಲಿಲ್ಲ. ಅವನ ರಕ್ತವನ್ನು ಯಾರೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿರಲಿಲ್ಲ.

ಬಿಳಿ ರಕ್ತಕಣದೊಳಗೆ ಒಂದು ಕೇಂದ್ರವಿದೆ. ತಂದೆತಾಯಿಯಿಂದ ಬಂದ 46 ವರ್ಣತಂತುಗಳು ಅಲ್ಲಿರುತ್ತವೆ. ಹೊಗೆಯ ಬೆಂಜೋಪೈರೀನ್ ಅಲ್ಲಿಯ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಬೆಂಜೀನ್ ಎಲುಬಿನ ಮಜ್ಜೆಗೇ, ರಕ್ತ ಹುಟ್ಟುವ ಜಾಗಕ್ಕೇ ಇಳಿಯುತ್ತದೆ. ರಕ್ತದ ಕ್ಯಾನ್ಸರ್ ತರುವ ವಿಷವದು. ಇವುಗಳ ಹೊಡೆತಕ್ಕೆ ವರ್ಣತಂತು ಮುರಿಯುತ್ತದೆ. ಕಣ ಎರಡಾಗುವಾಗ ಮುರಿದ ತುಂಡು ಹಿಂದುಳಿದು, ಕೇಂದ್ರದ ಪಕ್ಕ ಪುಟ್ಟ ಚುಕ್ಕೆಯಾಗಿ ನಿಲ್ಲುತ್ತದೆ. ಮೈಕ್ರೋನ್ಯೂಕ್ಲಿಯಸ್ ಎನ್ನುತ್ತಾರೆ ಅದಕ್ಕೆ. ನೋವಿಲ್ಲ, ಜ್ವರವಿಲ್ಲ, ಕೆಮ್ಮೂ ಇಲ್ಲ. ಎರೆ ಹೊಲದಲ್ಲಿ ದಿನವಿಡೀ ದುಡಿಯುವ ಗಟ್ಟಿ ಮೈಯೊಳಗೇ ಇದು ನಡೆದಿರುತ್ತದೆ. ಇಂಥ ಹಾನಿಯನ್ನು ಮೈ ತಾನೇ ಬಹಳಷ್ಟು ಸರಿಪಡಿಸಿಕೊಳ್ಳುತ್ತದೆ, ನಿಜ. ಆದರೆ ದಿನಕ್ಕೊಂದು ಕಟ್ಟು ಸುಡುವವನು ಅದಕ್ಕೆ ಪುರಸೊತ್ತು ಕೊಡುವುದು ಯಾವಾಗ?

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 6,000ಕ್ಕೂ ಹೆಚ್ಚು ಗಂಡಸರ ರಕ್ತ ಪರೀಕ್ಷಿಸಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಸೇದುವವರ ಎಷ್ಟೋ ರಕ್ತಕಣಗಳಲ್ಲಿ ವೈ ವರ್ಣತಂತುವೇ ಕಳೆದುಹೋಗಿತ್ತು. ಗಂಡು ಮಗು ಗಂಡಾಗುವುದೇ ಆ ವರ್ಣತಂತುವಿನಿಂದ. ಬೀಡಿ ಹಚ್ಚುವುದೇ ಗಂಡಸುತನ ಅಂದುಕೊಂಡ ಹುಡುಗರಿಗೆ ಇದನ್ನು ಓದಿ ಹೇಳಿರಿ. ಸೇದಿದಷ್ಟೂ ನಷ್ಟ ಹೆಚ್ಚು. ಬಿಟ್ಟವರ ರಕ್ತ ಮಾತ್ರ ಎಂದೂ ಸೇದದವರ ರಕ್ತದ ಹತ್ತಿರ ಹತ್ತಿರಕ್ಕೆ ಬಂದಿತ್ತು. ಈ ಒಂದು ಮಾತಿಗಾಗಿಯೇ ನಾನು ಬರೆಯಲು ಕೂತದ್ದು.

ಸಿಗರೇಟಿಗಿಂತ ಬೀಡಿ ವಾಸಿ ಎಂಬ ಸಮಾಧಾನ ಸುಳ್ಳು. ಬೀಡಿ ಸುತ್ತುವ ತುಪ್ರಿ ಎಲೆ ಬೇಗ ಆರುತ್ತದೆ, ಹಾಗಾಗಿ ಜಗ್ಗಿ ಜಗ್ಗಿ ಸೇದಬೇಕು. ನಿಕೋಟಿನ್, ಟಾರು ಎರಡೂ ಹೆಚ್ಚು ಒಳಗೆ ಹೋಗುತ್ತವೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರುವಾಸಿ. ಅಂಥ ತೊಟ್ಟಿಲು ತೂಗುವ ಪಡಸಾಲೆಯಲ್ಲೇ ಕೂತು ಹೊಗೆ ಬಿಡುತ್ತೇವೆ. "ಹೋಗಪಾ, ಒಂದ್ ಕಟ್ಟು ಬೀಡಿ ತೊಗೊಂಬಾ" ಎಂದು ಶಾಲೆಯಿಂದ ಬಂದ ಮಗನನ್ನೇ ಅಂಗಡಿಗೆ ಕಳಿಸುತ್ತೇವೆ. ಇದು ಇವತ್ತೇ ನಿಲ್ಲಲಿ. ಅಂಗಡಿಯ ಯಜಮಾನರೇ, 21 ತುಂಬದವರಿಗೆ ತಂಬಾಕು ಮಾರುವುದು ಈಗ ಕರ್ನಾಟಕದಲ್ಲಿ ಅಪರಾಧ. ಕಾನೂನಿನ ಮಾತು ಹಾಗಿರಲಿ, ಆ ಹುಡುಗ ನಿಮ್ಮ ಓಣಿಯವನೇ ಅಲ್ಲವೇ?

1980ರಲ್ಲಿ ಬೆಟರ್‌ಮೆಂಟ್ ಲೆವಿ ಎಂಬ ಕರ ಕಟ್ಟೆವೆಂದು ಎದ್ದು ನಿಂತದ್ದು ನವಲಗುಂದ. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತದ್ದೂ ಇದೇ ಸೀಮೆ. ಸರಕಾರಕ್ಕೆ ಬಗ್ಗದ ಜನ ಒಂದು ಬೀಡಿ ಕಟ್ಟಿಗೆ ಬಗ್ಗಬಾರದು. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿರಿ. ಬಿಡಲು ಹೊರಟವನನ್ನು ಕಟ್ಟೆಯ ಮೇಲೆ ಕೂಡ್ರಿಸಿ ಚೇಷ್ಟೆ ಮಾಡಬೇಡಿರಿ. ಮೊದಲ ವಾರಗಳ ಸಿಟ್ಟು, ನಿದ್ದೆಗೇಡು ಅವನೊಬ್ಬನಿಗೇ ಗೊತ್ತು. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನು ಹಚ್ಚಿದರೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಓದು ಬಾರದ ಕಾಕಾಗಳಿಗೆ ಮನೆಯ ಮಕ್ಕಳೇ ಆ ನಂಬರು ಹಚ್ಚಿ ಕೊಡಲಿ.