ಪ್ರಯೋಗಶಾಲೆಯ ಮೂಲೆಯಿಂದ: ಶ್ರುತಿ ಏರಿಸಿದವರು ಯಾರು?

ಈ ಸಲ ನಮ್ಮದೇ ತಪ್ಪಿನ ಕಥೆ.

ಭಾನುವಾರದ ಸಂಗೀತ ತರಗತಿಯ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೆಂದು ನಾವೊಂದು ಸಣ್ಣ ತಂಬೂರಿ ಪ್ರೋಗ್ರಾಂ ಬರೆದು ಹಂಚಿದ್ದೆವಷ್ಟೆ. ಷಡ್ಜಕ್ಕೆ ಸೆಕೆಂಡಿಗೆ 392 ಕಂಪನ, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆ. ಜೊತೆಗೆ ತಾಳಕ್ಕೆ ನಿಮಿಷಕ್ಕೆ 60 ಟಕ್ ಟಕ್. ನಮ್ಮ ಕಂಪ್ಯೂಟರಿನಲ್ಲಿ ಸೊಗಸಾಗಿಯೇ ನುಡಿಯಿತು.

ಒಂದು ಮನೆಯ ಎಂಟು ವರ್ಷದ ಹುಡುಗಿಗೆ ಮಾತ್ರ ಮೇಲಿನ ಷಡ್ಜ ಮುಟ್ಟುವಾಗ ಗಂಟಲು ಒಡೆಯತೊಡಗಿತು. "ಕ್ಲಾಸಿನಲ್ಲಿ ಬರುತ್ತೆ, ಮನೇಲಿ ಬರಲ್ಲ" ಎಂದಳು. ಅಭ್ಯಾಸ ತಪ್ಪಿಸುವ ನೆಪವೆಂದು ತಾಯಿ ಗದರಿದರು. ಅವರು ನಮ್ಮನ್ನು ಕೇಳಿದಾಗ ನಾವೂ ಹೂಂಗುಟ್ಟಿದೆವು. ಪ್ರೋಗ್ರಾಂ ಬರೆದವರೇ ಹಾಗೆಂದ ಮೇಲೆ ಇನ್ನೇನು? ಎರಡು ಭಾನುವಾರ ಹುಡುಗಿ ತರಗತಿಗೆ ಬರಲಿಲ್ಲ.

ಆಮೇಲೊಮ್ಮೆ ಕಾಫಿಗೆಂದು ಅವರ ಮನೆಗೆ ಹೋದಾಗ ನಮ್ಮ ಕಿವಿಗೇ ಅನುಮಾನ ಬಂತು. ಗಡಿಯಾರ ಹಿಡಿದು ತಾಳ ಎಣಿಸಿದೆವು: ನಿಮಿಷಕ್ಕೆ 65! ತಾಳವೂ ಶ್ರುತಿಯೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಸ್ವರದ ಲೆಕ್ಕ ತಪ್ಪಿಲ್ಲ, ಕಾಲದ ಲೆಕ್ಕ ತಪ್ಪಿದೆ ಎಂದರ್ಥ.

ಕಂಪ್ಯೂಟರು ಧ್ವನಿಯನ್ನು ಅಂಕೆಗಳ ಸಾಲಾಗಿ ಹೊರಡಿಸುತ್ತದೆ. ನಾವು ಸೆಕೆಂಡಿಗೆ 44,100 ಅಂಕೆ ಎಂದು ಲೆಕ್ಕ ಕಟ್ಟಿದ್ದೆವು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ವೇಗ ಅದು. ವಿಡಿಯೋ ಕೆಲಸದಲ್ಲಿ ರೂಢಿ 48,000. ಅವರ ಯಂತ್ರ ಈ ಎರಡನೆಯದಕ್ಕೆ ಹೊಂದಿಕೊಂಡಿತ್ತು. ನಮ್ಮ ಅಂಕೆಗಳನ್ನೇ ಅವಸರವಾಗಿ ನುಂಗಿತು. 392 ಹೋಗಿ ಸುಮಾರು 427 ಆಯಿತು. ಐದನೆಯ ಬಿಳಿ ಮನೆಯ ಮೇಲಿನ ಕರಿ ಮನೆಗೂ ಅದರಾಚೆಯ ಬಿಳಿ ಮನೆಗೂ ನಡುವೆ, ಯಾವುದಕ್ಕೂ ಸೇರದ ಜಾಗ. ಸಾಮಾನ್ಯವಾಗಿ ಇಂಥ ಅಂತರವನ್ನು ಯಂತ್ರದ ಒಳಗಿನ ವ್ಯವಸ್ಥೆಯೇ ಸರಿದೂಗಿಸುತ್ತದೆ. ನಾವು ಜಾಣತನ ತೋರಿಸಲು ಹೋಗಿ ಅದನ್ನು ದಾಟಿ ನೇರವಾಗಿ ಅಂಕೆ ಸುರಿದಿದ್ದೆವು. ನೀರು ಎಷ್ಟು ಲೀಟರೆಂದು ನೋಡದೆ ಉಪ್ಪು ತೂಗುವ ವಿದ್ಯಾರ್ಥಿಯನ್ನು ನಾವು ಲ್ಯಾಬಿನಲ್ಲಿ ಸುಮ್ಮನೆ ಬಿಡುವವರಲ್ಲ!

ಈಗ ಪ್ರೋಗ್ರಾಂ ಮೊದಲು ಯಂತ್ರದ ವೇಗವೆಷ್ಟೆಂದು ಕೇಳಿಕೊಂಡು, ಆ ಉತ್ತರದಿಂದಲೇ ಸ್ವರವನ್ನೂ ತಾಳವನ್ನೂ ಲೆಕ್ಕ ಹಾಕುತ್ತದೆ. ಹಳೆಯ ಪ್ರತಿ ಇರುವವರು ದಯವಿಟ್ಟು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿರಿ. 60 ಬಾರದಿದ್ದರೆ ನಮ್ಮಿಂದ ಹೊಸದನ್ನು ಪಡೆಯಬಹುದು.

ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. "ನಾನು ಹೇಳಿದ್ನಲ್ಲ ಅಂಕಲ್" ಎಂದಳು. ತಾಯಿ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದರು.