ಊದುವ ಹಾಗೆ ನಟಿಸು ಅಂದರು

ರಾತ್ರಿ ಹನ್ನೊಂದೂವರೆ. ಅಮೆರಿಕದ ಒಹಾಯೊ ರಾಜ್ಯದ ಒಂದು ಸ್ಟೇಡಿಯಂ ಪಕ್ಕದ ಪಾರ್ಕಿಂಗ್ ಜಾಗ. ಅಡುಗೆ ಟ್ರಕ್ಕಿನ ಕಿಟಕಿಯಲ್ಲಿ ನಿಂತು ನಾನು ಸ್ಯಾಂಡ್‌ವಿಚ್ ಹಂಚುತ್ತಿದ್ದೆ. ನೂರೈವತ್ತು ಚಿಲ್ಲರೆ ಮಕ್ಕಳ ಸಾಲು. ಎಲ್ಲರೂ ಬೆವರಿ, ಬಿಸಿಲಲ್ಲಿ ಸುಟ್ಟು, ಹಸಿದವರು. ಸಾಲಿನ ಕೊನೆಯಲ್ಲಿ ಅಕ್ಕನ ಮಗಳು. ತಟ್ಟೆ ಮುಂದೆ ಚಾಚಲಿಲ್ಲ.

"ಚಿಕ್ಕಿ, ನಾಳೆಯಿಂದ ಆ ಫಾಸ್ಟ್ ಪಾರ್ಟ್ ನಾನು ಊದೋ ಹಾಗಿಲ್ಲ. ಹಾರ್ನ್ ಎತ್ತಿ ಹಿಡ್ಕೊಂಡು ಬೆರಳು ಮಾತ್ರ ಆಡಿಸ್ಬೇಕಂತೆ. ಹದಿನಾರು ಬಾರ್."

ಬಾರ್ ಅಂದರೆ ಸಂಗೀತದ ಬಾರ್, ನಮ್ಮ ತಾಳದ ಆವರ್ತ ಇದೆಯಲ್ಲ, ಹೆಚ್ಚುಕಡಿಮೆ ಆ ಥರದ್ದು. ಆ ವೇಗದಲ್ಲಿ ಹದಿನಾರು ಬಾರ್ ಅಂದರೆ ಅರ್ಧ ನಿಮಿಷವೂ ಇಲ್ಲ. ಅರ್ಧ ನಿಮಿಷ ತಾನೇ ಅನ್ನಬೇಡಿ. ಅವಳಿಗಾಗ ಹದಿನೇಳು. ಆ ಬೇಸಿಗೆಗೆಂದು ಅಕ್ಕ ಕಟ್ಟಿದ ಶುಲ್ಕ 5,000 ಡಾಲರಿಗೂ ಹೆಚ್ಚು. ಮೇ ತಿಂಗಳಿಂದ ಅವಳು ಮಲಗುತ್ತಿದ್ದದ್ದು ಯಾವ್ಯಾವುದೋ ಶಾಲೆಗಳ ಜಿಮ್ ನೆಲದ ಮೇಲೆ. ಇಷ್ಟಾಗಿ ಹತ್ತು ಸಾವಿರ ಜನರ ಮುಂದೆ ನಿಂತು ಊದುವ ಹಾಗೆ ನಟಿಸು ಅಂದರೆ?

ಇದು ಕೆಲವು ವರ್ಷದ ಹಿಂದಿನ ಜುಲೈ. ಡ್ರಮ್ ಕೋರ್ ಅಂದರೆ ಏನು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ. ಪೂರ್ತಿ ಹೆಸರು ಡ್ರಮ್ ಅಂಡ್ ಬ್ಯೂಗಲ್ ಕೋರ್. ಹಿತ್ತಾಳೆ ವಾದ್ಯ, ತಾಳವಾದ್ಯ, ಬಾವುಟ ತಿರುಗಿಸುವವರು, ಎಲ್ಲ ಸೇರಿ ಫುಟ್‌ಬಾಲ್ ಮೈದಾನದಲ್ಲಿ ಓಡಾಡುತ್ತಾ ಆಕಾರಗಳನ್ನು ಕಟ್ಟುತ್ತಾ ನುಡಿಸುವ ಹನ್ನೊಂದು ಹನ್ನೆರಡು ನಿಮಿಷದ ಪ್ರದರ್ಶನ. ಇಡೀ ಬೇಸಿಗೆಗೆ ಒಂದೇ ಪ್ರದರ್ಶನ, ಅದನ್ನೇ ದಿನಕ್ಕೆ ಹತ್ತು ತಾಸು ತಿದ್ದುವುದು. ರಾತ್ರಿ ಬಸ್ಸಲ್ಲಿ ಪಯಣ, ಬೆಳಿಗ್ಗೆ ಇನ್ನೊಂದು ಊರಲ್ಲಿ ತಾಲೀಮು, ಸಂಜೆ ಸ್ಪರ್ಧೆ. ಹೆಸರಲ್ಲಿ ಬ್ಯೂಗಲ್ ಇದ್ದರೂ ಹಳೇ ಬ್ಯೂಗಲ್ ಈಗ ಕಾಣುವುದಿಲ್ಲ. 2000ರಲ್ಲಿ ನಿಯಮ ಬದಲಾದ ಮೇಲೆ ಟ್ರಂಪೆಟ್, ಟ್ಯೂಬಾ, ಮೆಲೋಫೋನ್. ನಮ್ಮ ಹುಡುಗಿಯದು ಮೆಲೋಫೋನ್. ಟ್ರಂಪೆಟ್ಟಿಗೆ ಬಾಯಿ ದೊಡ್ಡದಾದರೆ ಹೇಗಿರುತ್ತೋ ಹಾಗಿರುತ್ತೆ.

ನಾನು ಅಲ್ಲಿದ್ದದ್ದು ಸ್ವಯಂಸೇವಕಿಯಾಗಿ. ಹತ್ತು ದಿನ ರಜೆ ಹಾಕಿ ಹೋಗಿದ್ದೆ. ದಿನಕ್ಕೆ ನಾಲ್ಕು ಊಟ ಬೇಯಿಸುವ ಟ್ರಕ್ಕುಗಳು ಹೀಗೆ ಅಪ್ಪ, ಅಮ್ಮ, ಚಿಕ್ಕಮ್ಮಂದಿರ ಬಿಟ್ಟಿ ಚಾಕರಿಯಿಂದಲೇ ನಡೆಯೋದು.

ಮಾರನೇ ದಿನ ಪಾತ್ರೆ ತೊಳೆಯುತ್ತಾ ಕೋಪ ಏರಿಸಿಕೊಂಡೆ. ಇದೆಲ್ಲ ಶುರುವಾದದ್ದೇ ಮಕ್ಕಳಿಗಾಗಿ ತಾನೇ? ನಿವೃತ್ತ ಯೋಧರ ಸಂಘಗಳು, ಚರ್ಚುಗಳು, ಸ್ಕೌಟ್ ದಳಗಳು ತಮ್ಮ ಬೀದಿಯ ಮಕ್ಕಳನ್ನು ಸೇರಿಸಿ ಕಟ್ಟಿದ ತಂಡಗಳು ಇವು. ಬಾಸ್ಟನ್ ಕ್ರುಸೇಡರ್ಸ್ 1940ರಲ್ಲಿ ಒಂದು ಚರ್ಚಿನ ಮಕ್ಕಳ ತಂಡವಾಗಿ ಹುಟ್ಟಿತು. ಮ್ಯಾಡಿಸನ್ ಸ್ಕೌಟ್ಸ್ ಹೆಸರಲ್ಲೇ ಸ್ಕೌಟ್ ಇದೆ. ಆಗೆಲ್ಲ ಪಕ್ಕದ ಮನೆ ಹುಡುಗ ಬಂದರೆ ಕೈಗೊಂದು ಹಾರ್ನ್ ಕೊಟ್ಟು ಕಲಿಸುತ್ತಿದ್ದರು. ಅವನ ಹತ್ತಿರ ಸ್ವಂತ ವಾದ್ಯ ಇರಬೇಕು ಅಂತಿರಲಿಲ್ಲ.

ಆಮೇಲೆ ತಂಡಗಳು ಸೇರಿ ತಮ್ಮದೇ ಒಕ್ಕೂಟ ಮಾಡಿಕೊಂಡವು, ಡ್ರಮ್ ಕೋರ್ ಇಂಟರ್‌ನ್ಯಾಷನಲ್. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ. ಅಲ್ಲಿಂದ ಮಟ್ಟ ಏರುತ್ತಲೇ ಹೋಯಿತು, ಖರ್ಚೂ ಏರಿತು, ತಂಡಗಳ ಸಂಖ್ಯೆ ಇಳಿಯಿತು. ಒಂದು ಕಾಲಕ್ಕೆ ನೂರಾರು ಇದ್ದದ್ದು, ಈಗ ಮೇಲಿನ ದರ್ಜೆಯಲ್ಲಿ ಇಪ್ಪತ್ತರ ಆಸುಪಾಸು. ಈಗ ಬೀದಿಯ ಮಕ್ಕಳಲ್ಲ, ದೇಶದ ಮೂಲೆಮೂಲೆಯಿಂದ ಆಡಿಷನ್ ಕೊಟ್ಟು ಬರುವವರು. ಮುಂಚೂಣಿ ತಂಡಗಳಲ್ಲಿ ಕಾಲೇಜಿನಲ್ಲಿ ಸಂಗೀತವನ್ನೇ ಓದುವವರು ಬಹಳ. ಕಲಿಸಿ ಬೆಳೆಸುವ ಜಾಗ ಹೋಗಿ, ಕಲಿತವರನ್ನು ಆರಿಸುವ ಜಾಗ ಆಯಿತು ಅಂತ ಹಳಬರು ಗೊಣಗುತ್ತಾರೆ. ಗೊಣಗಾಟದಲ್ಲಿ ಅರ್ಧ ಸತ್ಯ ಇದೆ ಅಂತ ನನಗೂ ಅನಿಸುತ್ತೆ.

ಮಧ್ಯಾಹ್ನ ಮೆಲೋಫೋನ್ ಕಲಿಸುವವನು ನೀರಿಗೆ ಬಂದ. ಇಪ್ಪತ್ತನಾಲ್ಕರ ಹುಡುಗ, ಇದೇ ತಂಡದಲ್ಲಿ ಊದಿ ಬೆಳೆದವನು. ಶಾಲೆ ನಡೆಯುವ ತಿಂಗಳಲ್ಲಿ ಬ್ಯಾಂಡ್ ಮೇಷ್ಟ್ರು. ಕೇಳೇಬಿಟ್ಟೆ. ಒಂದು ಮಗುವಿನ ಬಾಯಿ ಮುಚ್ಚಿಸಿದರೆ ನಿಮಗೆ ಎಷ್ಟು ಅಂಕ ಬರುತ್ತೆ?

ಅವನು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದ. ಒಟ್ಟು ನೂರು ಅಂಕ: ಒಟ್ಟಾರೆ ಪರಿಣಾಮಕ್ಕೆ 40, ದೃಶ್ಯಕ್ಕೆ 30, ಸಂಗೀತಕ್ಕೆ 30. ಹಿತ್ತಾಳೆ ವಾದ್ಯಗಳನ್ನು ಕೇಳುವುದಕ್ಕೆಂದೇ ಒಬ್ಬ ತೀರ್ಪುಗಾರ. ಎಲ್ಲರೂ ಒಂದೇ ಸ್ವರ ಊದುವಾಗ ಒಬ್ಬರು ಮುಂದೋಡಿದರೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. (ಅವನು ಹೇಳಿದ ಹೋಲಿಕೆ ಬೇರೆ, ನಾನು ಅನ್ನಕ್ಕೆ ತಂದೆ.) ತಂಡ ಆಗ ಹನ್ನೆರಡನೇ ಸ್ಥಾನದ ಗಡಿಯಲ್ಲಿತ್ತು. ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂನಲ್ಲಿ ಶುಕ್ರವಾರ ಸೆಮಿಫೈನಲ್, ಅದರಲ್ಲಿ ಮೇಲಿನ ಹನ್ನೆರಡು ತಂಡಕ್ಕೆ ಮಾತ್ರ ಶನಿವಾರದ ಫೈನಲ್. ಗಡಿಯಲ್ಲಿರುವ ತಂಡಗಳ ನಡುವೆ ವ್ಯತ್ಯಾಸ ಎಷ್ಟೋ ಸಲ ಅಂಕದ ಹತ್ತನೇ ಭಾಗಗಳಲ್ಲಿ.

ಆಮೇಲೆ ಅವನು ಅಂದದ್ದು ನನ್ನನ್ನು ಸುಮ್ಮನಾಗಿಸಿತು. ಅವಳ ಪಕ್ಕ ನಿಲ್ಲುವ ಹುಡುಗನಿಗೆ ಇಪ್ಪತ್ತೊಂದು. ಈ ಕ್ಷೇತ್ರದಲ್ಲಿ ಅದೇ ಕೊನೆ ವಯಸ್ಸು, ಮುಂದಿನ ವರ್ಷ ಅವನಿಗೆ ಪ್ರವೇಶವಿಲ್ಲ. ನಾಲ್ಕು ಬೇಸಿಗೆ ಕಳೆದರೂ ಒಮ್ಮೆಯೂ ಶನಿವಾರ ರಾತ್ರಿ ಊದಿಲ್ಲ. ಅವನೂ ಮಗುವೇ ಅಲ್ವಾ, ಅವನದ್ದು ಬೆಳವಣಿಗೆ ಅಲ್ವಾ?

ಇನ್ನೊಂದನ್ನು ಅವನು ಹೇಳಲಿಲ್ಲ, ನಾನೇ ಆಮೇಲೆ ಅರ್ಥ ಮಾಡಿಕೊಂಡೆ. ಸ್ಥಾನ ಅಂದರೆ ಬರೀ ಪದಕ ಅಲ್ಲ. ಫೈನಲ್ ತಲುಪಿದ ತಂಡಕ್ಕೆ ಮುಂದಿನ ಆಡಿಷನ್ನಿಗೆ ಹೆಚ್ಚು ಮಕ್ಕಳು ಬರ್ತಾರೆ, ದಾನಿಗಳು ಫೋನ್ ಎತ್ತುತ್ತಾರೆ. ಈ ತಂಡಗಳೆಲ್ಲ ಲಾಭವಿಲ್ಲದ ಸಂಸ್ಥೆಗಳು. ದುಡ್ಡಿಲ್ಲದೆ ಹೋದರೆ ಯಾವ ಮಗುವಿಗೂ ಏನೂ ಕಲಿಸಲಾಗದು. ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್‌ನಂಥ ದೊಡ್ಡ ಹೆಸರೇ ಹಣದ ತಾಪತ್ರಯದಿಂದ 2023ರ ಬೇಸಿಗೆ ಹೊರಗುಳಿಯಬೇಕಾಯಿತು.

ಗೆದ್ದವರೆಲ್ಲ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡರು ಅಂತಲೂ ಅಲ್ಲ. ದ ಕೆಡೆಟ್ಸ್ ಅನ್ನೋ ತಂಡ 1934ರದ್ದು, ಹತ್ತು ಸಲ ಚಾಂಪಿಯನ್. ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದ ನಿರ್ದೇಶಕರ ಮೇಲೆ 2018ರಲ್ಲಿ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು, ಅವರು ಹುದ್ದೆ ಬಿಟ್ಟರು. 1980ರ ದಶಕದ್ದೆನ್ನಲಾದ ದೌರ್ಜನ್ಯದ ಇನ್ನೊಂದು ಮೊಕದ್ದಮೆಯ ಭಾರದಲ್ಲಿ 2024ರಲ್ಲಿ ತಂಡವೇ ಮುಚ್ಚಿತು. ತೊಂಬತ್ತು ವರ್ಷದ ತಂಡ. ಗೆಲ್ಲಿಸುವವರನ್ನು ಯಾರೂ ಪ್ರಶ್ನೆ ಕೇಳೋದಿಲ್ಲ, ಅಪಾಯ ಇರೋದು ಅಲ್ಲಿ.

ಹಾಗಂತ ಸ್ಪರ್ಧೆಯೇ ಬೇಡ ಅನ್ನುವ ಪೈಕಿ ನಾನಲ್ಲ. ಕಾರಣ ನನ್ನ ಶಾಲೆ. ಸಾಗರದ ಹತ್ತಿರದ ನಮ್ಮೂರ ಹೈಸ್ಕೂಲಲ್ಲಿ ಬ್ಯಾಂಡ್ ಸೆಟ್ ಇತ್ತು. ಸೈಡ್ ಡ್ರಮ್, ಬಿಗ್ ಡ್ರಮ್, ಎರಡು ಬ್ಯೂಗಲ್. ನೋಡಿ, ಅದೂ ಡ್ರಮ್ ಅಂಡ್ ಬ್ಯೂಗಲ್ಲೇ! ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ವರ್ಷಕ್ಕೆ ಎರಡು ದಿನ. ಪಿ.ಟಿ. ಮೇಷ್ಟ್ರು ಯಾರನ್ನೂ ಬೇಡ ಅನ್ನುತ್ತಿರಲಿಲ್ಲ, ಕೇಳಿದವರಿಗೆಲ್ಲ ಕೋಲು ಸಿಗುತ್ತಿತ್ತು. ಮೂರು ವರ್ಷ ಸೈಡ್ ಡ್ರಮ್ ಬಾರಿಸಿದೆ. ಮೊದಲ ದಿನ ಎಷ್ಟು ಬರುತ್ತಿತ್ತೋ ಕೊನೆ ದಿನವೂ ಅಷ್ಟೇ. ಬಹಳ ಖುಷಿಯಾಗಿದ್ದೆ, ಅದು ಬೇರೆ ಮಾತು. ಆದರೆ ಯಾರೂ ನನ್ನ ಮಣಿಕಟ್ಟು ಹಿಡಿದು "ಹೀಗಲ್ಲ, ಹೀಗೆ" ಅನ್ನಲಿಲ್ಲ. ನಮ್ಮಿಂದ ಯಾರಿಗೂ ಏನೂ ಬೇಕಿರಲಿಲ್ಲವಲ್ಲ. ಅಕ್ಕನ ಮಗಳ ಪಕ್ಕ ದಿನಾ ನಾಲ್ಕು ಜನ ನಿಂತು ಉಸಿರು, ತುಟಿ, ಹೆಜ್ಜೆ ತಿದ್ದುತ್ತಿದ್ದರು. ಅಷ್ಟು ತಿದ್ದುವುದಕ್ಕೆ ಕಾರಣ ಆ ಹಾಳು ಅಂಕವೇ.

ಹಾಗಾಗಿ ನೀರಿನ ಡ್ರಮ್ಮಿನ ಹತ್ತಿರ ನಿಂತು ನಾನು ಕೇಳಿದ ಎರಡನೇ ಪ್ರಶ್ನೆ ಬೇರೆ ಇತ್ತು. ಸರಿ, ಇವತ್ತು ಬೇಡ. ವಾಪಸ್ ಯಾವಾಗ?

ಅವನ ಹತ್ತಿರ ಉತ್ತರ ಇರಲಿಲ್ಲ. ಕಸಿದುಕೊಳ್ಳುವುದಕ್ಕೆ ಪಟ್ಟಿ ಇತ್ತು. ಯಾರು ಯಾವ ಬಾರಿನಲ್ಲಿ ಊದಬಾರದು ಅಂತ ನೀಟಾಗಿ ಬರೆದಿಟ್ಟಿದ್ದರು. ಹಿಂದಿರುಗಿಸುವುದಕ್ಕೆ ತಾರೀಕು ಇರಲಿಲ್ಲ. ಜುಲೈ ಮಧ್ಯ, ಇನ್ನು ನಾಲ್ಕು ವಾರ, ಅಷ್ಟು ದಿನ ಮುಚ್ಚಿಕೊಂಡರೆ ಮುಗಿಯಿತು ಅನ್ನೋ ಲೆಕ್ಕ. ಅದು ಕೆಟ್ಟ ಉದ್ದೇಶ ಅಲ್ಲ, ಪುರುಸೊತ್ತಿಲ್ಲದ್ದು. ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದೇ ಏಪ್ರಿಲಲ್ಲಿ ಕ್ಲೈಂಟ್ ಡೆಮೊ ದಿನ ನಮ್ಮ ಟೀಮಿನ ಹೊಸ ಹುಡುಗನನ್ನು ನಾನೂ ಮ್ಯೂಟಲ್ಲಿ ಕೂರಿಸಿದ್ದೆ. ಅವನೇ ಬರೆದ ಫೀಚರ್, ತೋರಿಸಿದ್ದು ನಾನು. ಮುಂದಿನ ಡೆಮೊ ನಿನ್ನದು ಅಂತ ಹೇಳಿದ್ದೆನಾ? ನೆನಪಿಲ್ಲ. ಹೇಳಿರಲಿಕ್ಕಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಟ್ರಕ್ಕಿನ ಹಿಂದಿನ ನೆರಳಲ್ಲಿ ಮೆಟ್ರೊನೋಮ್ ಟಕಟಕ ಕೇಳಿಸಿತು. ಇಣುಕಿದೆ. ಆ ಇಪ್ಪತ್ತೊಂದರ ಹುಡುಗ ಮತ್ತು ಇವಳು, ಐಸ್ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಅರ್ಧ ವೇಗದಲ್ಲಿ ನಾಲ್ಕು ಬಾರ್, ಮತ್ತೆ ಅದೇ ನಾಲ್ಕು ಬಾರ್. ಅವನಿಗೆ ಕಲಿಸುವವನು ಹೇಳಿ ಕಳಿಸಿದ್ದೋ, ತಾನಾಗಿ ಬಂದಿದ್ದೋ ನಾನು ಕೇಳಲಿಲ್ಲ. ಇಬ್ಬರ ಊಟವನ್ನೂ ತೆಗೆದಿಟ್ಟೆ. ಶೆಕೆ ಎಷ್ಟಿತ್ತೆಂದರೆ ಚೀಸ್ ತನ್ನಷ್ಟಕ್ಕೇ ಕರಗುತ್ತಿತ್ತು.

ನನ್ನ ರಜೆ ಮುಗಿದು ಷಿಕಾಗೊಗೆ ಮರಳಿದೆ. ದಿನಾ ರಾತ್ರಿ ವಾಟ್ಸಾಪಲ್ಲಿ ಒಂದು ಸಂಖ್ಯೆ ಬರುತ್ತಿತ್ತು. ಮೊದಲು "4". ಐದು ದಿನ ಅದೇ 4. ಆಮೇಲೆ "6". ಒಂದು ದಿನ ಮತ್ತೆ "4", ಅಳುವ ಎಮೋಜಿ ಜೊತೆ. ಕೊನೆಗೆ "9".

ಆ ಒಂಬತ್ತು ಬಾರ್ ಊದಲು ಅವಳಿಗೆ ಒಪ್ಪಿಗೆ ಸಿಕ್ಕಿತು. ಉಳಿದ ಏಳರಲ್ಲಿ ಕೊನೆವರೆಗೂ ಬೆರಳಾಟ ಮಾತ್ರ.

ಇಂಡಿಯಾನಾಪೊಲಿಸ್‌ಗೆ ನಾನೂ ಅಕ್ಕನೂ ಹೋದೆವು. ಶುಕ್ರವಾರ ಅವರು ಊದಿದ್ದು ಆ ಬೇಸಿಗೆಯಲ್ಲೇ ಚೆನ್ನಾಗಿತ್ತು ಅಂತ ಎಲ್ಲರೂ ಅಂದರು. ನನಗೆ ಅಷ್ಟೊಂದು ಕಿವಿ ಇಲ್ಲ. ನಾನು ಬೈನಾಕ್ಯುಲರ್ ಹಿಡಿದು ಒಂದೇ ಹುಡುಗಿಯ ಕೆನ್ನೆ ನೋಡುತ್ತಿದ್ದೆ. ಎಲ್ಲಿ ಕೆನ್ನೆ ಬಿಗಿಯಾಗಿದೆ, ಎಲ್ಲಿ ಸಡಿಲ ಅಂತ. ಫಲಿತಾಂಶ ಬಂತು. ಹನ್ನೆರಡರಲ್ಲಿ ಇಲ್ಲ.

ಆ ಇಪ್ಪತ್ತೊಂದರ ಹುಡುಗ ಬಸ್ಸಿನ ಚಕ್ರಕ್ಕೆ ಒರಗಿ ಬಹಳ ಹೊತ್ತು ಅತ್ತ. ಇವಳು ಪಕ್ಕದಲ್ಲಿ ಕೂತಿದ್ದಳು, ಏನೂ ಮಾತಾಡದೆ. ಆ ಒಂಬತ್ತು ಬಾರಿನಲ್ಲಿ ಎಲ್ಲೋ ಒಂದು ಸ್ವರ ಜಾರಿ ಅಂಕದ ಹತ್ತನೇ ಭಾಗ ಹೋಯಿತಾ, ಅದರಿಂದ ಅವನ ಶನಿವಾರ ಹೋಯಿತಾ? ಯಾರೂ ಹೇಳಲಾರರು. ನನಗೂ ಆ ಯೋಚನೆ ಬಂತು, ಅವಳಿಗೂ ಬಂದಿರಬೇಕು. ಸುಳ್ಳು ಹೇಳಲ್ಲ, ಹದಿನಾರನ್ನೂ ಮುಚ್ಚಿಸಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು ಕೂಡ.

ಆ ರಾತ್ರಿ ಅಮ್ಮ ಊರಿಂದ ಫೋನ್ ಮಾಡಿದಳು. "ಎಷ್ಟನೇ ನಂಬರ್ ಬಂತೇ?" ಅಕ್ಕ ಫೋನನ್ನು ನನ್ನ ಕೈಗೆ ದಾಟಿಸಿದಳು. ನಾನು ಹೇಳಿದ್ದು ಅಮ್ಮನಿಗೆ ಅರ್ಥ ಆದ ಹಾಗೆ ಕಾಣಲಿಲ್ಲ.

2025ರ ಆಗಸ್ಟಿನಲ್ಲಿ ಬಾಸ್ಟನ್ ಕ್ರುಸೇಡರ್ಸ್ ಮೊದಲ ಸಲ ಚಾಂಪಿಯನ್ ಆಯಿತು. ಹುಟ್ಟಿ ಎಂಬತ್ತೈದು ವರ್ಷಕ್ಕೆ. ಫೈನಲ್ಲಿಗೆ ಕಾಲಿಟ್ಟದ್ದೇ 1999ರಲ್ಲಿ. ಸುದ್ದಿ ನೋಡಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಈಗ ಅವಳೇ ಮೆಲೋಫೋನ್ ಗುಂಪಿನ ಹಿರಿಯಳು. ಅದೂ ಇದೂ ಮಾತಾಡಿದ ಮೇಲೆ ಅವಳೇ ಹೇಳಿದಳು, ಈ ಸಲ ಒಬ್ಬ ಹೊಸ ಹುಡುಗ ಇದ್ದ, ವೇಗದ ಜಾಗದಲ್ಲಿ ಓಡಿಬಿಡುತ್ತಿದ್ದ ಅಂತ.

"ಏನ್ ಮಾಡಿದ್ರಿ?"

"ಊದಬೇಡ ಅಂದ್ರು. ಹೇಳೋ ಕೆಲಸ ನಂಗೇ ಬಂತು, ಚಿಕ್ಕಿ."

ನಾನು ಸುಮ್ಮನಿದ್ದೆ.

"ಲಂಚ್ ಟೈಮಲ್ಲಿ ಬಾ ಅಂತಾನೂ ಅಂದೆ. ಅವನು ಬರ್ಲಿಲ್ಲ. ಎರಡನೇ ದಿನಾನೂ ಬರ್ಲಿಲ್ಲ. ಆಮೇಲೆ ನಾನೇ ಅವನ ತಟ್ಟೆ ಪಕ್ಕ ಹೋಗಿ ಕೂತೆ."

"ಎಷ್ಟು ಬಾರ್ ವಾಪಸ್ ಬಂತು?"

"ಐದು," ಅಂದಳು.